ಬ್ರಿಡ್ಜ್‌ಟೌನ್‌ನಲ್ಲಿ ಒಂದು ದಿನ: ಊರು ಮೊದಲು, ಬೀಚು ಆಮೇಲೆ

ಕೆರಿಬಿಯನ್ ಕ್ರೂಸ್‌ಗೆ ಹೋಗುವ ಕನ್ನಡಿಗರು ಈಗ ಜಾಸ್ತಿ. ಅಮೆರಿಕದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡಾಗ ಒಂದು ವಾರ ಹಡಗು ಹತ್ತಿಸುವುದು ಮಾಮೂಲಾಗಿದೆ. ಆ ಹಡಗು ಬಾರ್ಬೇಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್‌ನಲ್ಲಿ ನಿಂತರೆ ನಿಮಗೆ ಸಿಗುವುದು ಬೆಳಿಗ್ಗೆಯಿಂದ ಸಂಜೆವರೆಗಿನ ಹೊತ್ತು, ಅಷ್ಟೇ. ಅದನ್ನು ಜನ ಹಾಳು ಮಾಡಿಕೊಳ್ಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಕೆಲವರು ಹಡಗಿನಲ್ಲೇ ಮಾರುವ ದುಬಾರಿ ಬೀಚ್ ಪ್ಯಾಕೇಜ್ ಕೊಂಡು, ಬಸ್ಸಿಗಾಗಿ ಕಾಯುತ್ತಾ ಬೆಳಗನ್ನು ಕಳೆಯುತ್ತಾರೆ. ಇನ್ನು ಕೆಲವರು ಇಳಿದ ಕೂಡಲೇ ನೀರಿಗೆ ಓಡುತ್ತಾರೆ. ಹನ್ನೊಂದು ಗಂಟೆಗೆಲ್ಲ ಬಿಸಿಲಿಗೆ ಸೋತು, ಊರನ್ನೇ ನೋಡದೆ ಹಡಗಿಗೆ ವಾಪಸ್.

ಎರಡೂ ಬೇಕಾಗಿಲ್ಲ. ಬಂದರು, ಊರು, ಬೀಚು ಒಂದೇ ದಾರಿಯಲ್ಲಿ ಸಾಲಾಗಿವೆ. ಬೆಳಗಿನ ತಂಪಿನಲ್ಲಿ ಊರು ನೋಡುತ್ತಾ ನಡೆದರೆ ದಾರಿ ಮುಗಿಯುವಲ್ಲಿ ಸಮುದ್ರ. ಮಂಡಿ ನೋವಿರುವ ಹಿರಿಯರಿದ್ದರೆ ಊರಿನ ನಡುವಿನ ತನಕ ಟ್ಯಾಕ್ಸಿ ಮಾಡಿ, ಅಲ್ಲಿಂದ ನಡೆಯಿರಿ.

ಇಳಿಯುವ ಮುಂಚೆ

ಹಡಗಿನ ಗಡಿಯಾರ ನೋಡಿ ಕೈಗಡಿಯಾರಕ್ಕೆ ಸಮಯ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬಾರ್ಬೇಡೋಸ್ ಮಯಾಮಿಗಿಂತ ಒಂದು ಗಂಟೆ ಮುಂದೆ ಇರುತ್ತದೆ. ಕೆಲವು ಹಡಗುಗಳು ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಫೋನು ಮಾತ್ರ ದಡದ ಸಮಯಕ್ಕೆ ತಾನಾಗಿ ಹೋಗಿಬಿಡುತ್ತದೆ. ವಾಪಸ್ ಬರಬೇಕಾದದ್ದು ಹಡಗಿನ ಸಮಯಕ್ಕೆ, ಫೋನಿನ ಸಮಯಕ್ಕಲ್ಲ.

ಸೈನಿಕರ ಹಸಿರು-ಕಂದು ಮಚ್ಚೆಯ ಬಟ್ಟೆ ಬೇಡವೇ ಬೇಡ. ಸಾಮಾನ್ಯ ಜನ ಅದನ್ನು ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಮಗುವಿನ ಟೋಪಿ, ಬ್ಯಾಗು ಕೂಡ ಅದೇ ಲೆಕ್ಕ. ಹಡಗಿನ ಕಾರ್ಡು, ಒಂದು ಗುರುತಿನ ಚೀಟಿ, ಚಿಲ್ಲರೆ ಅಮೆರಿಕನ್ ಡಾಲರ್, ನೀರಿನ ಬಾಟಲಿ ಜೊತೆಗಿರಲಿ. ಒಡವೆ ಹಡಗಿನ ಲಾಕರ್‌ನಲ್ಲೇ ಇರಲಿ.

ಊರು

ಬಂದರಿನ ಗೇಟು ದಾಟಿದರೆ ಟ್ಯಾಕ್ಸಿಯವರು ಸುತ್ತುವರಿಯುತ್ತಾರೆ. ನಗುತ್ತಾ ಗುಡ್ ಮಾರ್ನಿಂಗ್ ಹೇಳಿ ಮುಂದೆ ನಡೆಯಿರಿ. ಈ ಊರಿನಲ್ಲಿ ಗುಡ್ ಮಾರ್ನಿಂಗ್ ಹೇಳದೆ ನೇರವಾಗಿ ದಾರಿ ಕೇಳಿದರೆ ಮರ್ಯಾದೆ ಗೊತ್ತಿಲ್ಲದವರು ಅಂದುಕೊಳ್ಳುತ್ತಾರೆ. ಮೊದಲು ನಮಸ್ಕಾರ, ಆಮೇಲೆ ಮಾತು. ಹಾಗೆಯೇ, ಈಜುಡುಗೆಯಲ್ಲಿ ಊರೊಳಗೆ ತಿರುಗುವುದನ್ನು ಅವರು ಇಷ್ಟಪಡುವುದಿಲ್ಲ. ಮೇಲೊಂದು ಅಂಗಿ ಇರಲಿ.

ಸಮುದ್ರದ ಪಕ್ಕದ ರಸ್ತೆಯಲ್ಲಿ ಆರಾಮಾಗಿ ಅರ್ಧ ಗಂಟೆ ನಡೆದರೆ ಊರಿನ ನಡು. ದಾರಿಯಲ್ಲಿ ಚೀಪ್‌ಸೈಡ್ ಮಾರುಕಟ್ಟೆ ಸಿಗುತ್ತದೆ. ಮಂಗಳೂರು ಕಡೆಯವರು ಜೀಗುಜ್ಜೆ ಕಂಡರೆ ಅಚ್ಚರಿಪಡಬೇಕಾಗಿಲ್ಲ, ಇಲ್ಲಿಯೂ ಅದು ಮನೆಮನೆಯ ಊಟ. ಆಮೇಲೆ ಬ್ರಾಡ್ ಸ್ಟ್ರೀಟ್. ಅಲ್ಲಿನ ಒಡವೆ, ವಾಚಿನ ಅಂಗಡಿಗಳು ಎಲ್ಲ ಬಂದರಿನಲ್ಲೂ ಇರುವಂಥವೇ, ಅಲ್ಲಿ ಹೊತ್ತು ಕಳೆಯಬೇಡಿ. ಅದರ ಬದಲು ಸಿನಗಾಗ್ ನೋಡಿ. ನಿಧೆ ಇಸ್ರೇಲ್ ಎಂಬ ಈ ಯಹೂದಿ ಪ್ರಾರ್ಥನಾ ಮಂದಿರ ಮೊದಲು ಕಟ್ಟಿದ್ದು 1654ರಲ್ಲಿ. 1831ರ ಚಂಡಮಾರುತಕ್ಕೆ ಬಿದ್ದು, 1833ರಲ್ಲಿ ಮತ್ತೆ ಎದ್ದಿತು. 2008ರಲ್ಲಿ ಅದರ ಆವರಣವನ್ನು ಅಗೆದಾಗ ಮಣ್ಣಿನಡಿ ಮುಚ್ಚಿಹೋಗಿದ್ದ ಹಳೆಯ ಸ್ನಾನದ ಕೊಳವೊಂದು ಸಿಕ್ಕಿತು. ಶನಿವಾರ, ಭಾನುವಾರ ಬಂದವರು ಹೊರಗಿನಿಂದ ನೋಡಿಕೊಂಡು ಹೋಗಬೇಕಾದೀತು. ಭಾನುವಾರವಂತೂ ಊರೇ ಬಾಗಿಲು ಹಾಕಿರುತ್ತದೆ.

ಸಂಸತ್ತಿನ ಕಟ್ಟಡಗಳು, ನ್ಯಾಷನಲ್ ಹೀರೋಸ್ ಸ್ಕ್ವೇರ್ ಒಂದೇ ಕಡೆ. ಈ ಚೌಕದಲ್ಲಿ 1813ರಿಂದ ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್‌ನ ಪ್ರತಿಮೆ ಇತ್ತು. 2020ರ ನವೆಂಬರ್‌ನಲ್ಲಿ ಇಳಿಸಿದರು. ಸುಮಾರು ಒಂದು ವರ್ಷಕ್ಕೆ, 2021ರ ನವೆಂಬರ್ 30ರಂದು, ದೇಶ ಗಣರಾಜ್ಯವಾಯಿತು. ಬ್ರಿಟಿಷರು ಹೋದ ಮೇಲೂ ಕಲ್ಲಿನಲ್ಲಿ ಉಳಿದುಕೊಳ್ಳುವ ಜನರ ಬಗ್ಗೆ ನಮಗೂ ಗೊತ್ತಲ್ವಾ? ಪ್ರತಿಮೆ ಇದ್ದ ಆ ಜಾಗದ ಮುಂದೆ ಐದು ನಿಮಿಷ ನಿಲ್ಲಿ. ಅಲ್ಲಿಂದ ಚೇಂಬರ್ಲೇನ್ ಸೇತುವೆ ದಾಟಿ, ಸ್ವಾತಂತ್ರ್ಯದ ಕಮಾನಿನ ಕೆಳಗೆ ಹಾದು ಬೇ ಸ್ಟ್ರೀಟ್ ಹಿಡಿಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಬಲಗಡೆ ಕಾರ್ಲೈಲ್ ಕೊಲ್ಲಿ.

ಬೀಚು: ಇಲ್ಲೇ ಎಲ್ಲರೂ ಎಡವುವುದು

ಮೊದಲಿಗೆ ಸಿಗುವ ಬೀಚ್ ಕ್ಲಬ್ಬಿನ ಬಾಗಿಲನ್ನೇ ಜನ ಬೀಚಿನ ಬಾಗಿಲು ಅಂದುಕೊಂಡು ದುಡ್ಡು ಕಟ್ಟಿಬಿಡುತ್ತಾರೆ. ಬಾರ್ಬೇಡೋಸ್‌ನ ಬೀಚುಗಳೆಲ್ಲ ಸಾರ್ವಜನಿಕ. ಹೋಟೆಲಿನ ಮುಂದಿನ ಮರಳೂ ಎಲ್ಲರದ್ದೇ. ಕ್ಲಬ್ಬಿನವರು ತೆಗೆದುಕೊಳ್ಳುವುದು ಕುರ್ಚಿ, ಕೊಡೆ, ಶವರ್‌ಗಳ ಬಾಡಿಗೆ, ಸಮುದ್ರದ್ದಲ್ಲ. ಕ್ಲಬ್ಬಿನ ಪಕ್ಕದ ಓಣಿಯಲ್ಲಿ ಇಳಿದರೆ ಬ್ರೌನ್ಸ್ ಬೀಚ್. ದಕ್ಷಿಣದ ತುದಿಯಲ್ಲಿ ಪೆಬಲ್ಸ್ ಬೀಚ್. ಮಕ್ಕಳು, ಹಿರಿಯರು ಇದ್ದರೆ ಪೆಬಲ್ಸ್ ತನಕ ನಡೆಯಿರಿ ಅನ್ನುವುದು ನನ್ನ ಖಡಾಖಂಡಿತ ಸಲಹೆ. ಅಲ್ಲಿ ಹಡಗಿನ ಗದ್ದಲ ಕಡಿಮೆ, ಊರಿನ ಜನ ಜಾಸ್ತಿ.

ಕುರ್ಚಿ, ಕೊಡೆ ಬಾಡಿಗೆಗೆ ಕೇಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ‘ಯಾವ ಡಾಲರ್?’ ಅಂತ. ಎರಡು ಬಾರ್ಬೇಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್. 1975ರಿಂದ ಈ ದರ ಬದಲಾಗಿಲ್ಲ. ಎರಡೂ ನೋಟು ಎಲ್ಲೆಡೆ ನಡೆಯುತ್ತವೆ. ಅವರು ಇಪ್ಪತ್ತು ಅಂದಾಗ ನೀವು ಸುಮ್ನೆ ಅಮೆರಿಕನ್ ನೋಟು ಕೊಟ್ಟರೆ ದುಪ್ಪಟ್ಟು ಕೊಟ್ಟ ಹಾಗೆ ಆಗಬಹುದು. ಮೋಸ ಮಾಡಬೇಕೆಂದೇ ಅಲ್ಲ, ಹೇಳಿದವರೊಂದು ಡಾಲರ್ ಅಂದುಕೊಂಡಿರುತ್ತಾರೆ, ಕೇಳಿದವರೊಂದು. ಕೊಡೆ ಮಾತ್ರ ತೆಗೆದುಕೊಳ್ಳಲೇಬೇಕು. ದುಡ್ಡು ಉಳಿಸಲು ಮರದ ನೆರಳು ಹುಡುಕಬೇಡಿ. ಕಾರಣ ಇದೆ.

ಆ ತೀರದಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಬೆಳೆಯುತ್ತದೆ. ಹೊಳೆಯುವ ಹಸಿರೆಲೆ, ಪುಟ್ಟ ಹಸಿರು ಸೇಬಿನಂಥ ಕಾಯಿ. ಅದರ ಹಾಲು ತಾಗಿದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕಾಯಿ ಕಚ್ಚಿದರೆ ಬಾಯಿ, ಗಂಟಲು ಊದಿಕೊಳ್ಳುತ್ತದೆ. ಮಳೆ ಬರುವಾಗ ಅದರ ಕೆಳಗೆ ನಿಂತರೆ ಎಲೆಯಿಂದ ಇಳಿಯುವ ನೀರೂ ಸುಡುತ್ತದೆ. ಅನೇಕ ಕಡೆ ಬುಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಪಟ್ಟಿ ಇಲ್ಲದಿದ್ದರೂ ಗುರುತಿಲ್ಲದ ಮರದ ಕೆಳಗೆ ಚಾಪೆ ಹಾಸಬೇಡಿ. ಬಿದ್ದ ಕಾಯಿ ಹೆಕ್ಕುವುದು ಮಕ್ಕಳ ಅಭ್ಯಾಸ. ಇಳಿಯುವ ಮುಂಚೆಯೇ ಅವರಿಗೆ ಬಿಡಿಸಿ ಹೇಳಿ.

ಇನ್ನು ಬಟ್ಟೆ. ಕಾಟನ್ ಚೂಡಿದಾರ, ಜೀನ್ಸ್ ಹಾಕಿಕೊಂಡು ನೀರಿಗಿಳಿಯುವುದನ್ನು ದಯವಿಟ್ಟು ಬಿಡಿ. ಒದ್ದೆಯಾದ ದುಪಟ್ಟಾ ಕಾಲಿಗೆ ಸುತ್ತಿಕೊಂಡರೆ ಸೊಂಟದೆತ್ತರದ ನೀರಿನಲ್ಲೂ ಎದ್ದು ನಿಲ್ಲುವುದು ಕಷ್ಟ. ಈಜುಡುಗೆ ಸಂಕೋಚವಾದರೆ ತುಂಬು ತೋಳಿನ ನೈಲಾನ್ ಅಂಗಿ, ಲೆಗ್ಗಿಂಗ್ಸ್ ಇದ್ದರೆ ಸಾಕು. ಬಿಸಿಲಿಗೂ ಅದೇ ಒಳ್ಳೆಯದು. ಸ್ಪ್ರೇ ಮಾಡುವ ಸನ್‌ಸ್ಕ್ರೀನ್ ಕೊಳ್ಳಬೇಡಿ. ಕಡಲ ಗಾಳಿಗೆ ಅರ್ಧ ಪಕ್ಕದವರ ಮೇಲೆ ಹೋಗುತ್ತದೆ. ಕೈಯಲ್ಲಿ ಹಚ್ಚುವ ಕ್ರೀಮೇ ಸರಿ. ನೀರಿಗಿಳಿಯುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಹಚ್ಚಿ. ಕಿವಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ.

ಅಗ್ಗದ ವಾಟರ್‌ಪ್ರೂಫ್ ಫೋನ್ ಕವರ್‌ಗಳನ್ನು ನಂಬಬೇಡಿ. ಮನೆಯಲ್ಲೇ ಒಳಗೆ ಟಿಶ್ಯೂ ಪೇಪರ್ ಇಟ್ಟು, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಪೇಪರ್ ಒಣಗಿದ್ದರೆ ಮಾತ್ರ ಫೋನ್.

ಕಾರ್ಲೈಲ್ ಕೊಲ್ಲಿ ದ್ವೀಪದ ಶಾಂತ ಬದಿಯಲ್ಲಿದೆ, ಅಲೆ ಕಡಿಮೆ. ಪೂರ್ವ ತೀರದ ಬಾತ್‌ಷೀಬಾದಲ್ಲಿ ಅಟ್ಲಾಂಟಿಕ್ ನೇರ ಬಂದು ಬಡಿಯುತ್ತದೆ. ಅದು ನೋಡುವ ಜಾಗ, ಈಜುವ ಜಾಗ ಅಲ್ಲ. ಆದರೆ ಶಾಂತ ಕೊಲ್ಲಿಯಲ್ಲೂ ಜೆಟ್ ಸ್ಕೀಗಳು ಓಡಾಡುತ್ತವೆ. ನೀರಿನ ಮೇಲೆ ತೇಲುವ ಗುಂಡುಗಳನ್ನು ಕಟ್ಟಿದ ಹಗ್ಗದ ಒಳಗೇ ಇರಿ.

ಈಜು ಬರುವವರು ಸ್ನಾರ್ಕ್‌ಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರಿನಡಿ ನೋಡುವುದು) ಬಿಡಬೇಡಿ. ಕೊಲ್ಲಿಯ ತಳದಲ್ಲಿ ಮುಳುಗಿದ ಹಡಗುಗಳಿವೆ. 1919ರಲ್ಲಿ ಮುಳುಗಿದ ಬರ್ವಿನ್ ಎಂಬ ಫ್ರೆಂಚ್ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ ಹಡಗು) ಎಷ್ಟು ಮೇಲೆ ಇದೆಯೆಂದರೆ, ಮುಖ ನೀರಿಗಿಟ್ಟು ತೇಲಿದರೆ ಸಾಕು, ಹವಳ ಹತ್ತಿದ ಕಬ್ಬಿಣವೂ ಅದರ ಸುತ್ತ ಮೀನಿನ ಹಿಂಡೂ ಕಾಣುತ್ತವೆ. ಅಲ್ಲಿಗೆ ದೋಣಿಯವರ ಜೊತೆ, ಲೈಫ್ ಜಾಕೆಟ್ ಹಾಕಿಕೊಂಡೇ ಹೋಗಿ.

ಬಾಡಿಗೆ ಮಾಸ್ಕನ್ನು ಕೊಟ್ಟ ಹಾಗೆ ತೆಗೆದುಕೊಳ್ಳಬೇಡಿ. ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಿರಿ, ಕೈ ಬಿಡಿ. ಮಾಸ್ಕ್ ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಬಿದ್ದರೆ ಬೇರೆ ಕೇಳಿ. ಪಟ್ಟಿ ಬಿಗಿ ಮಾಡಿದರೆ ಸರಿಹೋಗುತ್ತದೆ ಅನ್ನುವ ಮಾತು ಕೇಳಬೇಡಿ. ದಪ್ಪ ಮೀಸೆ ಇರುವವರಿಗೆ ಮೂಗಿನ ಕೆಳಗಿನಿಂದ ನೀರು ನುಗ್ಗುತ್ತದೆ. ಮೀಸೆಯ ಮೇಲಂಚನ್ನು ಒಂದು ಗೆರೆಯಷ್ಟು ಹೆರೆದರೆ ಸಾಕು. ಗಾಜು ಮಂಜಾಗದಿರಲು ಒಳಗೆ ಉಗುಳು ಸವರಿ ತೊಳೆಯುವುದೇ ರೂಢಿ. ಎಂಜಲು ಅಂತ ಹೇಸಿಗೆಯಾದರೆ ಒಂದು ಹನಿ ಬೇಬಿ ಶಾಂಪೂ ಅದೇ ಕೆಲಸ ಮಾಡುತ್ತದೆ. ನೀರಿನಲ್ಲಿ ಆಮೆ ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಅವು ಉಸಿರಿಗೆ ಮೇಲೆ ಬರಲೇಬೇಕು. ಫೋಟೊಗಾಗಿ ಚಿಪ್ಪು ಹಿಡಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಊಟ

ಬೀಚಿನ ಪಕ್ಕದ ಗಾಡಿಗಳಲ್ಲಿ ಫಿಶ್ ಕಟರ್ ತಿನ್ನಿ: ಉಪ್ಪು ಬ್ರೆಡ್ಡಿನ ನಡುವೆ ಕರಿದ ಮೀನು. ಹಳದಿ ಪೆಪ್ಪರ್ ಸಾಸ್ ಒಂದು ಹನಿ ಸಾಕು, ಅದರ ಖಾರ ನಮ್ಮ ಬ್ಯಾಡಗಿಯ ಹಾಗಲ್ಲ. ಸಸ್ಯಾಹಾರಿಗಳಿಗೆ ಊರಲ್ಲೇ ಕಡಲೆ, ಆಲೂಗಡ್ಡೆ ತುಂಬಿದ ರೋಟಿ ಸಿಗುತ್ತದೆ, ಬರುವಾಗಲೇ ಕಟ್ಟಿಸಿಕೊಳ್ಳಿ. ಕೂ-ಕೂ ಸಿಕ್ಕರೆ ಬಿಡಬೇಡಿ. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಮರದ ಕೋಲಿನಲ್ಲಿ ತಿರುವಿದ್ದು. ಮುದ್ದೆ ತಿಂದು ಬೆಳೆದವರಿಗೆ ಪಾತ್ರೆಯಿಂದ ಏಳುವಾಗಲೇ ಗುರುತು ಸಿಗುತ್ತದೆ.

ವಾಪಸ್

ಇನ್ನೂ ಹೊತ್ತಿದ್ದರೆ ಪೆಬಲ್ಸ್‌ನಿಂದ ಸ್ವಲ್ಪ ನಡೆದರೆ ಗ್ಯಾರಿಸನ್. ಈ ಹಳೆಯ ದಂಡು ಪ್ರದೇಶ ಮತ್ತು ಹಳೆ ಊರು ಎರಡೂ ಸೇರಿ 2011ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. 1751ರಲ್ಲಿ ಹತ್ತೊಂಬತ್ತರ ಹುಡುಗ ಜಾರ್ಜ್ ವಾಷಿಂಗ್ಟನ್ ಕಾಯಿಲೆಯ ಅಣ್ಣನ ಜೊತೆ ಬಂದು ಉಳಿದ ಮನೆ ಅಲ್ಲಿದೆ. ವಾಷಿಂಗ್ಟನ್ ಜೀವನದಲ್ಲಿ ಮಾಡಿದ ಒಂದೇ ಸಮುದ್ರಯಾನ ಇದು.

ಬಂದರಿಗೆ ಹಿಂತಿರುಗುವಾಗ ನಡೆಯಬೇಡಿ. ಬಸ್ಸಿನಲ್ಲಿ ಬೇಕಾದರೆ ಹೋಗಬಹುದು, ಆದರೆ ಸರ್ಕಾರಿ ನೀಲಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ಬಾರ್ಬೇಡೋಸ್ ಹಣವೇ ಬೇಕು. ಟ್ಯಾಕ್ಸಿಯೇ ಸಲೀಸು. ನಂಬರ್ ಪ್ಲೇಟ್ ಝಡ್ ಅಕ್ಷರದಿಂದ ಶುರುವಾಗಿರಬೇಕು. ಮೀಟರ್ ಇರುವುದಿಲ್ಲ, ಕೂರುವ ಮೊದಲೇ ಬೆಲೆ, ಯಾವ ಡಾಲರ್ ಎಂಬುದು ಎರಡನ್ನೂ ಮಾತಾಡಿಕೊಳ್ಳಿ. ಅದೇ ಮಾತಿನಲ್ಲಿ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನದ ಮುಂದೆ ಹತ್ತು ನಿಮಿಷ ನಿಲ್ಲಿಸಬೇಕು ಅಂತಲೂ ಸೇರಿಸಿ. ಬಂದರಿಗೆ ಹತ್ತಿರವೇ ಇದೆ. ಹೊರಗೆ ವೆಸ್ಟ್ ಇಂಡೀಸ್‌ನ ಹಳೆಯ ಕ್ರಿಕೆಟ್ ದಿಗ್ಗಜ ಗ್ಯಾರಿ ಸೋಬರ್ಸ್ ಪ್ರತಿಮೆ. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಇದೇ ಮೈದಾನದಲ್ಲಿ. ಆಟಗಾರನಾಗಿ ಕೈಗೆಟುಕದ ವಿಶ್ವಕಪ್ ನಮ್ಮ ರಾಹುಲ್ ದ್ರಾವಿಡ್ ಕೈಗೆ ಕೋಚ್ ಆಗಿ ಬಂದದ್ದೂ ಇಲ್ಲೇ. ಬೆಂಗಳೂರಿನವರು ಇಲ್ಲಿಯ ತನಕ ಬಂದು ಅದನ್ನು ನೋಡದೆ ಹೋಗುವುದು ನನಗಂತೂ ಒಪ್ಪುವುದಿಲ್ಲ.

ಹಡಗಿನವರು ಹೇಳಿದ ಕೊನೆಯ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಬಂದರಿನಲ್ಲಿರಿ. ಎರಡು ಮೂರು ಹಡಗು ನಿಂತ ದಿನ ಸಂಜೆ ರಸ್ತೆಯೂ ತುಂಬುತ್ತದೆ, ತಪಾಸಣೆಯ ಸಾಲೂ ಉದ್ದ. ಕಾರ್ಡು, ಗುರುತಿನ ಚೀಟಿ ಮೇಲಿನ ಜೇಬಿನಲ್ಲೇ ಇರಲಿ, ಒದ್ದೆ ಬಟ್ಟೆಯ ಚೀಲದ ತಳದಲ್ಲಿ ಬೇಡ.