ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಸ್ಕ್ರೂಗೆ ಕೈ ಹಾಕುವ ಮೊದಲು ಕನ್ನಡ ಫೈಲು ಉಳಿಸಿಕೊಳ್ಳಿ

ಮುಂಬೈಯ ಕನ್ನಡ ಸಂಘಗಳ ಕಚೇರಿಗಳಲ್ಲಿ, ಡೊಂಬಿವಲಿ, ಮುಲುಂಡ್, ಠಾಣೆಯ ಮನೆಗಳಲ್ಲಿ, ಹೋಟೆಲುಗಳ ಗಲ್ಲೆಯ ಪಕ್ಕದಲ್ಲಿ ಎಂಟು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪುಗಳು ಇನ್ನೂ ದುಡಿಯುತ್ತಿವೆ. ಆನ್ ಆಗಲು ಐದು ನಿಮಿಷ, ವರ್ಡ್ ತೆರೆದುಕೊಳ್ಳಲು ಇನ್ನೆರಡು ನಿಮಿಷ. ರಿಪೇರಿಗೆ ಒಯ್ದರೆ ‘ಹೊಸದು ತಗೊಳ್ಳಿ’ ಅನ್ನುತ್ತಾರೆ, ಇಲ್ಲವೇ ‘ಫಾರ್ಮ್ಯಾಟ್ ಮಾಡಿ ಕೊಡ್ತೇವೆ’ ಅನ್ನುತ್ತಾರೆ. ಹೊಸದರ ಅಗತ್ಯ ಹೆಚ್ಚಿನವರಿಗೆ ಇಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವ ಫಾರ್ಮ್ಯಾಟ್‌ನಲ್ಲಂತೂ ದೊಡ್ಡ ಅಪಾಯವಿದೆ.

ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ಚಿಪ್ಪುಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿ ಕೂರಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಆ ಡಿಸ್ಕಿನಲ್ಲಿ ಸಂಘದ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಮಹಾಸಭೆಯ ವರದಿ, ನಾಟಕದ ಪ್ರತಿ ಎಲ್ಲವೂ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪಾಗಿ ಕೂತಿರುತ್ತವೆ. ಬಿಡಿಭಾಗ ಕೆಟ್ಟರೆ ಅಂಗಡಿಯಲ್ಲಿ ಸಿಗುತ್ತದೆ, ಇವು ಸಿಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಬ್ಯಾಕಪ್‌ಗೇ ಹೆಚ್ಚು ಜಾಗ.

ತೊಂದರೆ ಡಿಸ್ಕಿನದೇ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ‘ಡಿಸ್ಕ್ 0’ ಕೆಳಗೆ ಎಚ್‌ಡಿಡಿ (ಹಾರ್ಡ್ ಡಿಸ್ಕ್) ಎಂದಿದ್ದು, ಸಿಪಿಯು ಶೇ 15–20ರಲ್ಲೇ ಇರುವಾಗ ಡಿಸ್ಕ್ ಶೇ 100 ತೋರಿಸುತ್ತಿದ್ದರೆ ಉತ್ತರ ಸಿಕ್ಕಿತು. ಹಾರ್ಡ್ ಡಿಸ್ಕ್ ದೊಡ್ಡ ಫೈಲೊಂದನ್ನು ಸೆಕೆಂಡಿಗೆ ಸುಮಾರು 100 ಎಂಬಿ ವೇಗದಲ್ಲಿ ಓದಬಲ್ಲದು. ಆದರೆ ವಿಂಡೋಸ್ ಏಳುವಾಗ ಓದುವುದು ಸಾವಿರಾರು ಚಿಲ್ಲರೆ ಫೈಲುಗಳನ್ನು. ಪ್ರತಿಯೊಂದಕ್ಕೂ ಒಳಗಿನ ಸೂಜಿ ತಟ್ಟೆಯ ಮೇಲೆ ಜಾಗ ಹುಡುಕಿಕೊಂಡು ಓಡಬೇಕು, ಒಂದೊಂದು ಓಟಕ್ಕೂ ಹತ್ತಿಪ್ಪತ್ತು ಮಿಲಿಸೆಕೆಂಡ್. ಎಸ್‌ಎಸ್‌ಡಿಯಲ್ಲಿ ಓಡುವ ಭಾಗವೇ ಇಲ್ಲ. ವ್ಯತ್ಯಾಸ ಕಣ್ಣಿಗೆ ಕಾಣುವುದು ಇದೇ ಕಾರಣಕ್ಕೆ.

ಡಿಸ್ಕಿನ ಬದಲು ಮೆಮೊರಿ ಶೇ 85–90 ದಾಟಿದ್ದರೆ ರ‍್ಯಾಮ್ ಸಾಲದು. 4 ಜಿಬಿಯ ಯಂತ್ರದಲ್ಲಿ ಎರಡೂ ತೊಂದರೆ ಒಟ್ಟಿಗೆ ಇರುವುದೇ ಹೆಚ್ಚು.

ಮುಂದೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಂದರೆ ಸರಿ, ಹಳದಿ ಎಚ್ಚರಿಕೆ, ಕೆಂಪು ಕೆಟ್ಟಿತು. ನೋಡಬೇಕಾದ ಸಾಲುಗಳು 05, ಸಿ5, ಸಿ6. ಇವುಗಳ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕಿನ ಕೆಲವು ಜಾಗ ಓದಲು ಆಗುತ್ತಿಲ್ಲ ಎಂದರ್ಥ. ಅಂಥ ಡಿಸ್ಕನ್ನು ಇಡಿಯಾಗಿ ಕ್ಲೋನ್ (ಇದ್ದ ಹಾಗೇ ಪೂರ್ತಿ ನಕಲು) ಮಾಡಲು ಹೋಗಬೇಡಿ, ಗಂಟೆಗಟ್ಟಲೆ ಒಂದೇ ಸಮ ಓದಿಸುವಾಗಲೇ ಅದು ಕೈಕೊಡುತ್ತದೆ. ಬೇಕಾದ ಫೋಲ್ಡರುಗಳನ್ನಷ್ಟೇ ಮೊದಲು ಕಾಪಿ ಮಾಡಿ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದರಿಂದ ಉಳಿದಿದ್ದೂ ಹೋಗುತ್ತದೆ.

ನುಡಿ, ಬರಹ ಫೈಲುಗಳ ಸಂಗತಿ

ಹಳೆಯ ಕಡತವೊಂದನ್ನು ವರ್ಡ್‌ನಲ್ಲಿ ತೆರೆದು ಕನ್ನಡ ಪದದ ಮೇಲೆ ಕರ್ಸರ್ ಇಟ್ಟು ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ತುಂಗಾ, ನಿರ್ಮಲಾ ಯುಐ ಎಂದಿದ್ದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡ ಅಕ್ಷರ ಸಂಕೇತ, ಚಿಂತೆ ಬೇಡ. ‘ನುಡಿ 01 ಇ’, ‘ಬಿಆರ್‌ಎಚ್ ಕನ್ನಡ’, ‘ಶ್ರೀ-ಕನ್’ ಎಂದು ಶುರುವಾಗುವ ಹೆಸರಿದ್ದರೆ ಅದು ಹಳೆಯ ಪದ್ಧತಿಯ ಕಡತ. ಅದರೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಅವನ್ನು ಕನ್ನಡದ ಆಕಾರದಲ್ಲಿ ಚಿತ್ರಿಸುವುದು ಫಾಂಟು ಮಾತ್ರ. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟ ತುಂಬ ಚುಕ್ಕೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ತಿಳಿದು ಅಳಿಸಿಬಿಡುವವರಿದ್ದಾರೆ. ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದ ಕೂಡಲೇ ಅಕ್ಷರ ಮರಳಿ ಬರುತ್ತದೆ. ಫಾಂಟೇ ಕಳೆದುಹೋದಾಗಲೇ ಪೇಚಾಟ.

ಆದ್ದರಿಂದ ಬ್ಯಾಕಪ್ ಎಂದರೆ ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡಿದರೆ ಮುಗಿಯಲಿಲ್ಲ. ಈ ಕ್ರಮದಲ್ಲಿ ಹೋಗಿ:

1. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಚಿತ್ರಗಳು, ಜತೆಗೆ ಡಿ ಡ್ರೈವ್ ಪೂರ್ತಿ. ಸಿ ಡ್ರೈವಿನಲ್ಲಿ ನೇರವಾಗಿ ಯಾರೋ ಮಾಡಿಟ್ಟ ಫೋಲ್ಡರುಗಳನ್ನೂ ನೋಡಿ. ಸಂಘದ ಕಂಪ್ಯೂಟರಿನಲ್ಲಿ ಕಾರ್ಯದರ್ಶಿ ಬದಲಾದಂತೆಲ್ಲ ಫೋಲ್ಡರಿನ ಜಾಗವೂ ಬದಲಾಗಿರುತ್ತದೆ.

2. ಫಾಂಟುಗಳು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಇದೆ. ನುಡಿ, ಬಿಆರ್‌ಎಚ್, ಶ್ರೀ ಎಂದು ಶುರುವಾಗುವುದನ್ನೆಲ್ಲ ಹೆಕ್ಕಿ ಪೆನ್‌ಡ್ರೈವಿಗೆ ಹಾಕಿ. ಈಚಿನ ವರ್ಷಗಳ ವಿಂಡೋಸ್ 10ರಲ್ಲಿ ಒಬ್ಬ ಬಳಕೆದಾರನಿಗಷ್ಟೇ ಹಾಕಿದ ಫಾಂಟು ಬೇರೆ ಕಡೆ ಕೂರುತ್ತದೆ: ಆ ಬಳಕೆದಾರನ ಫೋಲ್ಡರಿನೊಳಗೆ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಆ್ಯಪ್‌ಡೇಟಾ ಮರೆಯಾಗಿರುವುದರಿಂದ ವ್ಯೂನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಬೇಕು. ಇದನ್ನು ಬಿಟ್ಟುಬಿಡುವವರೇ ಹೆಚ್ಚು.

3. ನುಡಿ ಅಥವಾ ಬರಹದ ಇನ್‌ಸ್ಟಾಲರ್ ಫೈಲು ಇದ್ದರೆ ಅದೂ ಇರಲಿ.

4. ಮುಖ್ಯವಾದ ಕಡತಗಳನ್ನು ಹಳೆಯ ಯಂತ್ರದಲ್ಲೇ, ಫಾಂಟ್ ಸರಿಯಾಗಿ ಕಾಣುತ್ತಿರುವಾಗಲೇ, ಪಿಡಿಎಫ್ ಆಗಿ ಸೇವ್ ಮಾಡಿ. ಪಿಡಿಎಫ್ ತನ್ನೊಳಗೇ ಫಾಂಟನ್ನು ಒಯ್ಯುತ್ತದೆ. ತಿದ್ದಲು ಬಾರದಿದ್ದರೂ ಓದಲಂತೂ ಬರುತ್ತದೆ.

5. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇದ್ದರೆ ಅದರೊಳಗಿಂದಲೇ ಬ್ಯಾಕಪ್ ತೆಗೆಯಿರಿ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜತೆ ವೈ ಒತ್ತಿದರೆ ಬ್ಯಾಕಪ್ ಸಿಗುತ್ತದೆ. ಲೈಸೆನ್ಸನ್ನು ಹಳೆಯ ಡಿಸ್ಕಿನಿಂದ ಸರೆಂಡರ್ ಮಾಡಿಡುವುದು ಒಳ್ಳೆಯದು. ಹೋಟೆಲಿನ ಬಿಲ್ಲಿಂಗ್ ತಂತ್ರಾಂಶವಾದರೆ ಅದನ್ನು ಹಾಕಿಕೊಟ್ಟವರಿಗೆ ಫೋನ್ ಮಾಡದೆ ಮುಂದೆ ಹೋಗಬೇಡಿ.

ಕೊನೆಗೆ ಇನ್ನೊಂದು ಕಂಪ್ಯೂಟರಿಗೆ ಆ ಪೆನ್‌ಡ್ರೈವ್ ಚುಚ್ಚಿ ನಾಲ್ಕೈದು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಲಾಗದು.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಲು ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಸಿಗುತ್ತದೆ. ಕೆಲಸ ನಿಧಾನವಾಗಿ ಮಾಡಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳಲ್ಲಿ ತಪ್ಪು ನುಸುಳುತ್ತದೆ. ನಡುವೆ ಇಂಗ್ಲಿಷಿನಲ್ಲಿ ಟೈಪಾಗಿದ್ದ ಹೆಸರು, ಇಮೇಲ್ ವಿಳಾಸಗಳನ್ನೂ ಅದು ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಬಹುದು. ಮೂಲ ಫೈಲನ್ನು ಎಂದೂ ಅಳಿಸಬೇಡಿ.

ಏನು ಕೊಳ್ಳಬೇಕು

ಮುಂಬೈಯ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಸಂಖ್ಯೆ ಬರೆದುಕೊಳ್ಳಿ, ಹಿಂಬದಿಯ ಸ್ಟಿಕರಿನ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಡೊಂಬಿವಲಿ, ಠಾಣೆ ಕಡೆಯವರು ದಾದರಿನಲ್ಲಿ ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿಯಬೇಕು, ಫಾಸ್ಟ್ ಅಲ್ಲಿ ನಿಲ್ಲದು. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಇದೆ.

ಹಾರ್ಡ್ ಡಿಸ್ಕ್ ಇದ್ದ ಲ್ಯಾಪ್‌ಟಾಪಿಗೆ ಬೇಕಾಗುವುದು ಸಾಮಾನ್ಯವಾಗಿ 2.5 ಇಂಚಿನ, ಸಾಟಾ ಎಂಬ ಜೋಡಣೆಯ ಎಸ್‌ಎಸ್‌ಡಿ, 7 ಮಿ.ಮೀ. ದಪ್ಪ. ಹಳೆಯ ಡಿಸ್ಕ್ 9.5 ಮಿ.ಮೀ. ಇದ್ದರೆ ಜತೆಗೊಂದು ಪ್ಲಾಸ್ಟಿಕ್ ಚೌಕಟ್ಟು ಕೇಳಿ, ಇಲ್ಲವಾದರೆ ಒಳಗೆ ಅಲ್ಲಾಡುತ್ತದೆ. ಸಾಮರ್ಥ್ಯ 480–512 ಜಿಬಿ ಸಾಕು. 120 ಜಿಬಿಯದು ಅಗ್ಗವಾದರೂ ವಿಂಡೋಸ್ ಅಪ್‌ಡೇಟಿಗೇ ಜಾಗ ಸಾಲದೆ ಬೇಗ ಕಾಟ ಶುರುವಾಗುತ್ತದೆ.

ಪಟ್ಟಿಯಂಥ ತೆಳು ಎಸ್‌ಎಸ್‌ಡಿ ಕೂರುವ ಎಂ.2 ಎಂಬ ಜಾಗವಿರುವ ಯಂತ್ರವಾದರೆ ಹುಷಾರಾಗಿರಿ. ನೋಡಲು ಒಂದೇ ತರಹದ ಆ ಪಟ್ಟಿಯಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. 2015–2017ರ ಎಷ್ಟೋ ಲ್ಯಾಪ್‌ಟಾಪುಗಳ ಎಂ.2 ಜಾಗ ಸಾಟಾವನ್ನಷ್ಟೇ ಗುರುತಿಸುತ್ತದೆ. ಎನ್‌ವಿಎಂಇ ಹಾಕಿದರೆ ಏನೂ ಕಾಣದು. ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ.

ರ‍್ಯಾಮಿಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಡಿಆರ್3 ಯಾ ಡಿಡಿಆರ್4 ಎಂದು ನೋಡಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3 ಎಂದಿದ್ದರೆ 1.35 ವೋಲ್ಟಿನ ‘ಎಲ್’ ಮಾದರಿಯನ್ನೇ ಕೇಳಿ. 1.5 ವೋಲ್ಟಿನದನ್ನು ಹಾಕಿದರೆ ಕೆಲವು ಯಂತ್ರ ಏಳುವುದೇ ಇಲ್ಲ.

ಇವುಗಳ ಜತೆ ಪಿಎಚ್0 (ಪ್ಲಸ್ ತುದಿಯ ಚಿಕ್ಕ) ಸ್ಕ್ರೂ ಡ್ರೈವರ್, ಸಾಟಾದಿಂದ ಯುಎಸ್‌ಬಿ 3.0 ಕೇಬಲ್, ವಿಂಡೋಸ್ ಹಾಕಲು (ಬ್ಯಾಕಪ್ ಇರುವುದಲ್ಲದ) 8 ಜಿಬಿ ಅಥವಾ ದೊಡ್ಡ ಖಾಲಿ ಪೆನ್‌ಡ್ರೈವ್. ಜಿಎಸ್‌ಟಿ ಬಿಲ್ಲಿನ ಮೇಲೆ ಎಸ್‌ಎಸ್‌ಡಿಯ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುವುದು ಅದೇ. ರಸ್ತೆ ಬದಿಯ 1 ಟಿಬಿ ಪೆನ್‌ಡ್ರೈವ್‌ಗಳನ್ನು ಮುಟ್ಟಬೇಡಿ. ಬರೆದಿರುವಷ್ಟು ಜಾಗ ಅದರಲ್ಲಿರದೆ, ತುಂಬಿದ ಮೇಲೆ ಹಾಕಿದ ಫೈಲೆಲ್ಲ ಹಾಳಾಗುತ್ತವೆ.

ಕ್ಲೋನೋ, ಹೊಸದಾಗಿ ವಿಂಡೋಸೋ

ಡಿಸ್ಕ್ ಆರೋಗ್ಯವಾಗಿದ್ದು, ಎಲ್ಲ ತಂತ್ರಾಂಶ ಇದ್ದ ಹಾಗೇ ಬೇಕಿದ್ದರೆ ಕ್ಲೋನ್. ಎಸ್‌ಎಸ್‌ಡಿಯನ್ನು ಕೇಬಲಿನಲ್ಲಿ ಹೊರಗಿನಿಂದ ಜೋಡಿಸಿ, ತಯಾರಕರೇ ಕೊಡುವ ಕ್ಲೋನಿಂಗ್ ತಂತ್ರಾಂಶ ಬಳಸಿ. 1 ಟಿಬಿಯಿಂದ 480 ಜಿಬಿಗೆ ಇಳಿಸುವಾಗ ಬಳಕೆಯಾದ ಜಾಗ ಹೊಸದರಲ್ಲಿ ಹಿಡಿಸುವಷ್ಟಿರಬೇಕು. ಹೊಸ ಎಸ್‌ಎಸ್‌ಡಿ ‘ದಿಸ್ ಪಿಸಿ’ಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಖಾಲಿ ಡಿಸ್ಕ್ ಅಲ್ಲಿ ಕಾಣುವುದಿಲ್ಲ. ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿ.

ಡಿಸ್ಕ್ ಹಳದಿ ತೋರಿಸಿದ್ದರೆ, ಇಲ್ಲವೇ ಯಂತ್ರ ವೈರಸ್, ಬೇಡದ ಟೂಲ್‌ಬಾರುಗಳಿಂದ ತುಂಬಿದ್ದರೆ, ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಪೆನ್‌ಡ್ರೈವನ್ನು ಸಿದ್ಧಪಡಿಸುತ್ತದೆ, ಅದರಲ್ಲಿರುವುದನ್ನೆಲ್ಲ ಅಳಿಸಿಯೇ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದೇ ಆವೃತ್ತಿ ಹಾಕಿದರೆ ಇಂಟರ್‌ನೆಟ್ ಸಿಕ್ಕಿದಾಗ ತಾನಾಗಿಯೇ ಸಕ್ರಿಯವಾಗುತ್ತದೆ.

ಯಾವ ವಿಂಡೋಸ್ ಎಂಬ ಪ್ರಶ್ನೆಯೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ವಿಸ್ತರಿಸಿದ ಭದ್ರತಾ ಅಪ್‌ಡೇಟ್ ಯೋಜನೆಗೆ 2026ರ ಅಕ್ಟೋಬರ್ 13ರ ಗಡುವು ಇಡಲಾಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ಪೀಳಿಗೆಯಾದರೂ ಬೇಕು: ಐ5-8250 ಆದರೆ ಆಗುತ್ತದೆ, ಐ5-7200 ಆದರೆ ಇಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೂಡ ಬೇಕು. ಇಂಟೆಲ್ ಯಂತ್ರಗಳ ಬಯೋಸಿನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಮೂಲ ಸೆಟ್ಟಿಂಗ್ಸ್) ಅದು ಪಿಟಿಟಿ ಎಂಬ ಹೆಸರಿನಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದು ಆಫ್ ಆಗಿ ಕೂತಿರಬಹುದು. ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಡಿ. ಅದಿಲ್ಲದೆ ಡಿಸ್ಕಿನ ಬೀಗ ಯಾರಿಂದಲೂ ತೆಗೆಯಲಾಗದು. ಅರ್ಹತೆ ಇಲ್ಲದ ಯಂತ್ರಕ್ಕೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಬಹುದು, ಉಚಿತ, ಹಗುರ. ನುಡಿ ಫಾಂಟುಗಳನ್ನು ಅದರಲ್ಲೂ ಹಾಕಬಹುದು.

ಬಿಚ್ಚುವುದು, ಕೂರಿಸುವುದು

ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಬರುವಂಥದಾದರೆ ತೆಗೆದು, ಪವರ್ ಗುಂಡಿಯನ್ನು 15 ಸೆಕೆಂಡು ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇದ್ದರೆ ಮುಚ್ಚಳ ತೆಗೆದ ಕೂಡಲೇ ಅದರ ಕನೆಕ್ಟರನ್ನು ಬಿಡಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ ಆಯಾ ಜಾಗದಲ್ಲೇ ಇಡಿ. ಉದ್ದದ್ದನ್ನು ಗಿಡ್ಡದ ಜಾಗದಲ್ಲಿ ತಿರುಗಿಸಿದರೆ ಮೇಲಿನ ಕೀಬೋರ್ಡಿಗೇ ತೂತು. ರಬ್ಬರ್ ಕಾಲುಗಳ ಕೆಳಗೆ ಒಂದೆರಡು ಸ್ಕ್ರೂ ಅಡಗಿರುವುದುಂಟು. ಮುಚ್ಚಳ ಬರಲಿಲ್ಲವೆಂದು ಎಳೆಯುವ ಮೊದಲು ಅಲ್ಲಿ ನೋಡಿ.

ಡಿಸ್ಕನ್ನು ಹಿಂದಕ್ಕೆ ಜಾರಿಸಿ ಕನೆಕ್ಟರಿನಿಂದ ಬಿಡಿಸಿ, ಅದರ ಲೋಹದ ಚೌಕಟ್ಟನ್ನು ಎಸ್‌ಎಸ್‌ಡಿಗೆ ವರ್ಗಾಯಿಸಿ, ಅದೇ ದಾರಿಯಲ್ಲಿ ಒಳಕ್ಕೆ ಒತ್ತಿ. ರ‍್ಯಾಮನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಂಡಿ ಟಕ್ಕೆಂದು ಹಿಡಿಯಬೇಕು. ಮುಂಬೈಯ ತೇವದ ಗಾಳಿಗೆ ರ‍್ಯಾಮಿನ ಚಿನ್ನದ ಬಣ್ಣದ ಕಡ್ಡಿಗಳ ಮೇಲೆ ಪೊರೆ ಕಟ್ಟುತ್ತದೆ, ಪರದೆ ಕಪ್ಪಗೇ ಉಳಿಯಲು ಅದೂ ಒಂದು ಕಾರಣ. ಮೆತ್ತಗಿನ ರಬ್ಬರಿನಿಂದ ತಿಕ್ಕಿ ಪುಡಿ ಊದಿಬಿಡಿ. ಮಳೆಗಾಲದಲ್ಲಿ ಹೊರಗಿನಿಂದ ತಂದ ಯಂತ್ರವನ್ನು ಒರೆಸಿ, ಒಣಗಿದ ಮೇಲಷ್ಟೇ ಬಿಚ್ಚಿ.

ಆನ್ ಮಾಡಿದಾಗ ನೀಲಿ ಪರದೆ ಬಂದು ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದರೆ ಬಯೋಸಿನಲ್ಲಿ ಸಾಟಾ ಮೋಡ್ (ಯಂತ್ರ ಡಿಸ್ಕಿನ ಜತೆ ವ್ಯವಹರಿಸುವ ರೀತಿ) ಬದಲಾಗಿರಬಹುದು. ಕ್ಲೋನ್ ಮಾಡುವಾಗ ಎಎಚ್‌ಸಿಐ ಇದ್ದರೆ ಈಗಲೂ ಅದೇ ಇರಬೇಕು. ಗಡಿಯಾರ ಹಳೆಯ ವರ್ಷ ತೋರಿಸಿ, ಬ್ಯಾಂಕಿನ ಪುಟಗಳೆಲ್ಲ ‘ಸುರಕ್ಷಿತವಲ್ಲ’ ಎಂದು ತಡೆದರೆ ವೈರಸ್ ಹುಡುಕಬೇಡಿ. ಮದರ್‌ಬೋರ್ಡಿನ ಚಿಕ್ಕ ಬಿಲ್ಲೆ ಸೆಲ್ಲು ಮುಗಿದಿದೆ. ಹೆಚ್ಚಿನವುಗಳಲ್ಲಿ ಅದು 3 ವೋಲ್ಟಿನ ಸಿಆರ್2032.

ವಿಂಡೋಸ್ ಎದ್ದ ಮೇಲೆ ಮೊದಲು ಫಾಂಟುಗಳನ್ನು ಹಾಕಿ: ಎಲ್ಲವನ್ನೂ ಆಯ್ದು ಬಲ ಕ್ಲಿಕ್, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’. ಮುಂದೆ ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಜತೆಗೆ ಉಚ್ಚಾರಣೆಯಂತೆ ಟೈಪಿಸುವ ಫೊನೆಟಿಕ್ ಕೀಲಿಮಣೆಯೂ ವಿಂಡೋಸಿನಲ್ಲೇ ಇದೆ. ವಿಂಡೋಸ್ ಕೀ ಜತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇನ್ನು ಮುಂದಿನ ಕಡತಗಳೆಲ್ಲ ಯೂನಿಕೋಡ್‌ನಲ್ಲೇ ಇರಲಿ.

ಹಳೆಯ ಹಾರ್ಡ್ ಡಿಸ್ಕನ್ನು ಒಂದು ತಿಂಗಳಾದರೂ ಫಾರ್ಮ್ಯಾಟ್ ಮಾಡದೆ ಇಡಿ. ಯಾವ ಫೈಲು ಬಿಟ್ಟುಹೋಯಿತು ಎಂಬುದು ಬೇಕಾದಾಗಲೇ ನೆನಪಾಗುವುದು. ಆರೋಗ್ಯವಾಗಿದ್ದರೆ 2.5 ಇಂಚಿನ ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳಿ. ವರ್ಷಗಟ್ಟಲೆ ಕರೆಂಟಿಲ್ಲದೆ ಕಪಾಟಿನಲ್ಲಿಡುವ ಸಂಗ್ರಹಕ್ಕೆ ಎಸ್‌ಎಸ್‌ಡಿಗಿಂತ ಅದೇ ವಾಸಿ, ಎಸ್‌ಎಸ್‌ಡಿಯೊಳಗಿನ ಚಾರ್ಜ್ ಕಾಲಕ್ರಮೇಣ ಸೋರುತ್ತದೆ. ಯಾರಿಗಾದರೂ ಕೊಡುವುದಾದರೆ ಬರೀ ಡಿಲೀಟ್ ಸಾಲದು: ವಿಂಡೋಸಿನಲ್ಲಿ ಆಜ್ಞೆ ಟೈಪಿಸಿ ಬಳಸುವ ಡಿಸ್ಕ್‌ಪಾರ್ಟ್‌ನಲ್ಲಿ ಸರಿಯಾದ ಡಿಸ್ಕ್ ಸಂಖ್ಯೆ ಆಯ್ದುಕೊಂಡು ‘ಕ್ಲೀನ್ ಆಲ್’ ಕೊಟ್ಟರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಸಂಖ್ಯೆ ತಪ್ಪಿದರೆ ಹೊಸ ಎಸ್‌ಎಸ್‌ಡಿಯೇ ಖಾಲಿಯಾಗುವುದರಿಂದ, ಡಿಸ್ಕಿನ ಗಾತ್ರ ನೋಡಿ ಎರಡು ಸಲ ಖಚಿತಪಡಿಸಿಕೊಂಡೇ ಎಂಟರ್ ಒತ್ತಿ.