ವಾರ್ಷಿಕೋತ್ಸವದ ಊಟಕ್ಕೆ ಮನೆ ಹತ್ತಿರದ ಹೋಟೆಲು ಆರಿಸುವುದು ಹೇಗೆ

ಮದುವೆಯ ವಾರ್ಷಿಕೋತ್ಸವ, ಹೆಂಡತಿಗೆ ಪ್ರಮೋಷನ್, ಮನೆ ಸಾಲ ತೀರಿದ ಖುಷಿ. ಇಂಥ ದಿನ ಇಬ್ಬರೇ ಹೊರಗೆ ಕೂತು ಊಟ ಮಾಡಬೇಕು ಅನ್ನಿಸುತ್ತದೆ. ಆಗ ಬೆಳಗಾವಿಯ ನನ್ನ ಗೆಳೆಯರು ಕೇಳುವುದು ಒಂದೇ: "ಹೈವೇ ಕಡೆ ಹೊಸಾ ರೆಸ್ಟೋರೆಂಟ್ ಆಗೇತಂತ, ಹೆಂಗೈತಿ?" ನಾನು ಹೇಳುವುದೂ ಒಂದೇ. ಮೊದಲು ನಿಮ್ಮ ಮನೆ ಸುತ್ತಮುತ್ತಲಿನದನ್ನು ನೋಡಿ.

ಇಬ್ಬರೇ ಮಾಡುವ ಊಟದಲ್ಲಿ ಮಾತು ಮುಖ್ಯ. ದೂರ ಹೋದರೆ ಅರ್ಧ ಸಂಜೆ ದಾರಿಯಲ್ಲೇ ಕಳೆಯುತ್ತದೆ. ನಾವು ಟಿಳಕವಾಡಿಯವರು. ಇಲ್ಲಿ ರೈಲ್ವೆ ಗೇಟು ಬಿತ್ತು ಅಂದರೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಜುಲೈ ತಿಂಗಳಾದರೆ ಮಳೆ ಬೇರೆ. ಒಳ್ಳೆ ಸೀರೆ ಉಟ್ಟು ಬೈಕಿನ ಹಿಂದೆ ಕೂತು ನೆನೆದು ಹೋದರೆ ಊಟದ ಮೇಲೆ ಮನಸ್ಸಿರುತ್ತದಾ? ನಡೆದು ಹೋಗಿ ನಡೆದು ಬರುವಷ್ಟು ಹತ್ತಿರ ಇದ್ದರೆ ಊಟದ ನಂತರದ ನಡಿಗೆಯೂ ನಿಮ್ಮದೇ.

ಫೋನಿನಲ್ಲಿ ಸ್ಟಾರ್ ಎಣಿಸಿ ಹೋಟೆಲು ಆರಿಸಬೇಡಿ. ನಿಮ್ಮ ಊಟ ಶನಿವಾರ ರಾತ್ರಿ ಎಂಟೂವರೆಗೆ ಅಂತಾದರೆ, ಹಿಂದಿನ ಶನಿವಾರ ಅದೇ ಹೊತ್ತಿಗೆ ಒಬ್ಬರೇ ಹೋಗಿ. ಒಂದು ಸೂಪು ತರಿಸಿಕೊಂಡು ಸುಮ್ನೆ ಕೂತು ನೋಡಿ. ಮಂಗಳವಾರ ಮಧ್ಯಾಹ್ನ ಶಾಂತವಾಗಿರುವ ಜಾಗ ಶನಿವಾರ ರಾತ್ರಿ ಬಸ್ ಸ್ಟ್ಯಾಂಡ್ ಆಗಿರಬಹುದು. ಟಿವಿ ಎಷ್ಟು ಜೋರಾಗಿದೆ? ಬಾರ್ ಇದ್ದರೆ ಆ ಗದ್ದಲ ಈ ಕಡೆ ಬರುತ್ತದಾ? ಕೈ ತೊಳೆಯುವ ಬೇಸಿನ್ ಪಕ್ಕದ ಟೇಬಲ್ಲು ಬೇಡವೇ ಬೇಡ. ಅಡುಗೆ ಮನೆ ಬಾಗಿಲ ಎದುರಿನದೂ ಬೇಡ. ಗೋಡೆ ಬದಿಯ ಯಾವ ಟೇಬಲ್ಲು ನಿಮಗೆ ಒಗ್ಗುತ್ತದೆ ಅಂತ ಆವತ್ತೇ ಗುರುತು ಮಾಡಿಕೊಳ್ಳಿ.

ಪಕ್ಕದ ಟೇಬಲ್ಲಿನವರನ್ನು ಸಪ್ಲೈಯರ್ ಹೇಗೆ ನೋಡಿಕೊಳ್ಳುತ್ತಾನೆ, ಅದನ್ನೂ ಗಮನಿಸಿ. ಅವರು ಇನ್ನೂ ಮಾತಾಡುತ್ತಿರುವಾಗಲೇ ತಟ್ಟೆ ಎತ್ತುತ್ತಾನಾ? ಕೇಳದೇ ಬಿಲ್ ತಂದಿಡುತ್ತಾನಾ? ಹಾಗಿದ್ದರೆ ಊಟ ಎಷ್ಟೇ ಚಲೋ ಇರಲಿ, ಅದು ಈ ದಿನಕ್ಕೆ ತಕ್ಕ ಜಾಗ ಅಲ್ಲ.

ಫ್ಯಾಮಿಲಿ ರೂಮ್ ಅಂತ ಬೋರ್ಡ್ ನೋಡಿ ಮರುಳಾಗಬೇಡಿ. ಬಹಳ ಕಡೆ ಅದು ಪ್ಲೈವುಡ್ ಹಲಗೆ ನಿಲ್ಲಿಸಿದ ಗೂಡು. ಗಾಳಿ ಇರಲ್ಲ, ಕರೆದರೆ ಯಾರಿಗೂ ಕೇಳಲ್ಲ. ಒಳಗೆ ಕೂತು ನೋಡಿಯೇ ತೀರ್ಮಾನ ಮಾಡಿ.

ಇನ್ನು ಅಡುಗೆ. ನಮ್ಮ ಕಡೆ ಹೋಟೆಲಿನ ಗುಣ ತಿಳಿಯಲು ನಾನು ನೋಡುವುದು ಜೋಳದ ರೊಟ್ಟಿ. ಮೆನುವಿನಲ್ಲಿ ರೊಟ್ಟಿ ಇದ್ದರೆ ಒಂದೇ ಒಂದು ತರಿಸಿ. ಒಳಗಿನಿಂದ ಪಟಪಟ ಬಡಿಯುವ ಸಪ್ಪಳ ಕೇಳಿದರೆ ಅರ್ಧ ಗೆದ್ದಂತೆ. ಆಗ ಬಡಿದ ರೊಟ್ಟಿ ಉಬ್ಬಿ ಬಂದಿರುತ್ತದೆ, ಮುರಿದರೆ ಎರಡು ಪದರಿನ ನಡುವಿನಿಂದ ಹಬೆ ಏಳುತ್ತದೆ, ಅಂಚು ಮೆತ್ತಗಿರುತ್ತದೆ. ಮೊದಲೇ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟು ಬಿಸಿ ಮಾಡಿಕೊಟ್ಟದ್ದು ಬೆವರಿರುತ್ತದೆ, ಎಳೆದರೆ ರಬ್ಬರಿನ ಹಾಗೆ ಜಗ್ಗುತ್ತದೆ. ಜೊತೆಗೆ ಏನು ಬರುತ್ತದೆ ನೋಡಿ. ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಎಳೇ ಮೆಂತ್ಯ ತಪ್ಪಲ ಕೇಳದೆಯೇ ತಟ್ಟೆಗೆ ಬಂದರೆ ಆ ಅಡುಗೆಯವರಿಗೆ ಉಣ್ಣುವವರ ಮೇಲೆ ಅಕ್ಕರೆ ಇದೆ. ಎಣಗಾಯಿಯ ಮಸಾಲೆ ಬದನೆಕಾಯಿ ಒಳಗೂ ಇರಬೇಕು, ಮೇಲೆ ಸುರಿದ ಗ್ರೇವಿ ಆಗಿರಬಾರದು. ರೊಟ್ಟಿ, ಎಣಗಾಯಿ ಇಷ್ಟು ನಿಗಾ ಇಟ್ಟು ಮಾಡುವವರು ಪನೀರನ್ನೂ ಕೆಡಿಸುವುದಿಲ್ಲ ಅಂತ ನನ್ನ ನಂಬಿಕೆ.

ಗಂಡ ಹೆಂಡತಿಯಲ್ಲಿ ಒಬ್ಬರು ಮಟನ್ ತಿನ್ನುವವರು, ಇನ್ನೊಬ್ಬರು ಮುಟ್ಟದವರು ಇರುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ. ಸಾವಜಿ ಖಾನಾವಳಿಯ ಖಾರ, ಕೊಲ್ಹಾಪುರದ ಕಡೆಯ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ (ಮಟನ್ನಿನ ಕೆಂಪು ಸಾರು, ಬಿಳಿ ಸಾರು) ನನಗೆ ಪ್ರಾಣ. ಆದರೆ ಅಲ್ಲಿ ನನ್ನಾಕೆಗೆ ಸಿಗುವುದು ಒಂದು ದಾಲ್ ಫ್ರೈ ಮಾತ್ರ ಅಂದರೆ ಅದು ಇಬ್ಬರ ಹಬ್ಬ ಹೇಗಾಗುತ್ತದೆ? ಅದಕ್ಕೇ ಹೇಳುತ್ತೇನೆ, ಸಸ್ಯಾಹಾರವನ್ನು ಮನಸ್ಸಿಟ್ಟು ಮಾಡುವ ಜಾಗವನ್ನೇ ಆರಿಸಿ. ರಸ್ಸಾ ಇನ್ನೊಂದು ದಿನ ತಿನ್ನಬಹುದು. ಇಬ್ಬರೂ ಮೀನು ತಿನ್ನುವವರಾದರೆ ತಿಂಗಳು ನೋಡಿ. ಜೂನ್, ಜುಲೈನಲ್ಲಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಆಗ ತಾಜಾ ಸಮುದ್ರದ ಮೀನು ಕಡಿಮೆ, ಫ್ರಿಜ್ಜಿನದೇ ಜಾಸ್ತಿ.

ತಾರೀಖಿನ ವಿಷಯ ಬೆಳಗಾವಿಯಲ್ಲಿ ಮರೆಯುವ ಹಾಗಿಲ್ಲ. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಊರಿನ ಲಾಡ್ಜು, ಹೋಟೆಲು ಎಲ್ಲ ತುಂಬಿರುತ್ತವೆ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಯ ದಿನ ಚನ್ನಮ್ಮ ವೃತ್ತದ ಸುತ್ತ ಕಾಲಿಡಲೂ ಜಾಗ ಇರಲ್ಲ. ಗಣಪತಿ ಹಬ್ಬದ ಕೊನೆಯ ದಿನವೂ ಅಷ್ಟೇ. ನಿಮ್ಮ ತಾರೀಖು ಇಂಥ ದಿನವೇ ಬಂದರೆ ಎರಡು ದಿನ ಮುಂದೆ ಹಾಕಿ, ಇಲ್ಲವೇ ಮಧ್ಯಾಹ್ನದ ಊಟ ಇಟ್ಟುಕೊಳ್ಳಿ.

ಜಾಗ ಗೊತ್ತಾದ ಮೇಲೆ ಫೋನ್ ಮಾಡುವುದಕ್ಕಿಂತ ಕೌಂಟರಿಗೇ ಹೋಗಿ ಮಾಲಕರ ಹತ್ತಿರ ಮಾತಾಡುವುದು ಒಳ್ಳೆಯದು. "ಅಣ್ಣಾ, ಬರೋ ಶನಿವಾರ ನಮ್ಮ ಮದುವಿ ದಿನ, ಇಬ್ಬರೇ ಬರ್ತೀವಿ, ಆ ಮೂಲಿ ಟೇಬಲ್ ಇಟ್ಟಿರ್ರಿ" ಅಂದು ನೋಡಿ. ಓಣಿಯ ಹೋಟೆಲಿನವರಿಗೆ ಇದು ಖುಷಿಯ ವಿಷಯ. ಹೊರಗಿನ ಕೇಕ್ ತರಬಹುದಾ, ಖಾರ ಕಡಿಮೆ ಮಾಡಿಕೊಡುತ್ತಾರಾ, ಅಡುಗೆ ಮನೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಎಲ್ಲ ಆಗಲೇ ಕೇಳಿ. ಕೊನೆಯದು ಭಾಳ ಮುಖ್ಯ. ಹತ್ತಕ್ಕೆ ಒಲೆ ಆರಿಸುವ ಹೋಟೆಲಿಗೆ ಒಂಬತ್ತೂವರೆಗೆ ಹೋದರೆ ಅವಸರದಲ್ಲೇ ಉಣ್ಣಬೇಕಾಗುತ್ತದೆ. ಕೌಂಟರ್ ಹತ್ತಿರ ಆಹಾರ ಸುರಕ್ಷತಾ ಲೈಸೆನ್ಸ್ ತೂಗು ಹಾಕಿದ್ದಾರಾ ಅಂತಲೂ ಕಣ್ಣಾಡಿಸಿ. 14 ಅಂಕಿಯ ನಂಬರ್ ಇರುತ್ತದೆ.

ಕೇಕಿನ ಬದಲು ನಮ್ಮ ಊರಿನ ಕುಂದಾ ಒಯ್ಯಿರಿ ಅಂತ ನನ್ನ ಸಲಹೆ. ಹಾಲು ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ತಂದ ಆ ಸಿಹಿಗೆ ಮೇಣದಬತ್ತಿ ಬೇಕಾಗಿಲ್ಲ. ಕಾಲು ಕಿಲೋ ಇಬ್ಬರಿಗೆ ಸಾಕು, ಸಪ್ಲೈಯರಿಗೂ ಒಂದು ಚಮಚ ಕೊಡಬಹುದು.

ಬಿಲ್ ಬಂದಾಗ ನಾಚಿಕೆ ಬಿಟ್ಟು ಓದಿ. ಸಾಧಾರಣ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇಕಡಾ 5. ಸರ್ವಿಸ್ ಚಾರ್ಜ್ ಅಂತ ಬೇರೆ ಸೇರಿಸಿದ್ದರೆ ಅದು ಕಡ್ಡಾಯ ಅಲ್ಲ. ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಮೆಲ್ಲಗೆ ಹೇಳಿದರೆ ತೆಗೆಯುತ್ತಾರೆ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಆದರೆ ಆ ರಾತ್ರಿ ಜಗಳಕ್ಕೆ ಇಳಿಯದೆ ಬಿಲ್ ಇಟ್ಟುಕೊಂಡು ಬನ್ನಿ, ಮರುದಿನ ಫೋನ್ ಮಾಡಿ. ಮನಸ್ಸಿಗೆ ಬಂದ ಟಿಪ್ಸ್ ಬಡಿಸಿದವರ ಕೈಗೇ ಕೊಡಿ. ಕಾರ್ಡಿನಲ್ಲಿ ಸೇರಿಸಿದರೆ ಅವರಿಗೆ ಮುಟ್ಟಿತೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ.