ಸಂಜೆ ಎರಡು ಗಂಟೆ ಬಿಡುವಿದೆಯಾ? ಉಪಕಸುಬು ಹೀಗೆ ಆರಿಸಿ

ಬಳ್ಳಾರಿಯಲ್ಲಿ ಸಂಬಳ ಹದಿನೈದನೇ ತಾರೀಕಿಗೇ ಖಾಲಿಯಾಗುವ ಮನೆಗಳು ಬಹಳ. ಜೊತೆಗೊಂದು ಕೆಲಸ ಹುಡುಕುವವರು ಮೊದಲು ಮೊಬೈಲ್‌ ವಿಡಿಯೋ ನೋಡುತ್ತಾರೆ. ಅದನ್ನು ಬದಿಗಿಡಿ. ನಿಮ್ಮ ಓಣಿಯ ಜನ ಈಗಾಗಲೇ ಯಾವುದಕ್ಕೆ ದುಡ್ಡು ಕೊಡುತ್ತಿದ್ದಾರೆ, ಅದನ್ನು ನೋಡಿ.

ಮೊದಲ ಹೆಜ್ಜೆ ಸಮಯದ್ದು. ಒಂದು ವಾರ ನಿಮ್ಮ ಬಿಡುವಿನ ಹೊತ್ತನ್ನು ಬರೆದಿಡಿ. ಬೇಸಿಗೆಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಮಧ್ಯಾಹ್ನದ ಬೈಕ್‌ ಡೆಲಿವರಿ ನಂಬಿಕೊಂಡು ಕಂತಿನಲ್ಲಿ ಗಾಡಿ ತರಬೇಡಿ.

ಆಮೇಲೆ ಊರಿನ ಕಸುಬು ನೋಡಿ. ಬಳ್ಳಾರಿ ಅಂದ್ರೆ ಜೀನ್ಸ್‌, ಅಲ್ವಾ? ಹೊಲಿಗೆ ಗೊತ್ತಿದ್ದರೆ ಪೀಸ್‌ ಲೆಕ್ಕದ ಕೆಲಸ ಕೇಳಬಹುದು. ಆದರೆ ರವಿಕೆ ಹೊಲಿಯುವ ಮನೆ ಮಷಿನ್‌ ದಪ್ಪ ಡೆನಿಮ್‌ಗೆ ಆಗುವುದಿಲ್ಲ. ದೊಡ್ಡ ಮಷಿನ್‌ ಕೊಳ್ಳುವ ಮೊದಲು ಪೀಸ್‌ಗೆ ಎಷ್ಟು, ದುಡ್ಡು ಯಾವಾಗ, ದಾರ ಯಾರದ್ದು ಅಂತ ಕೇಳಿಕೊಳ್ಳಿ. ವರ್ಷಪೂರ್ತಿ ಕೆಲಸ ಇರುತ್ತದಾ ಅಂತಲೂ ಕೇಳಿ.

ಮೂರನೆಯದು ಲೆಕ್ಕ. ಜಾಸ್ತಿ ಜನ ಎಡವುವುದು ಇಲ್ಲೇ. ಕಡಕ್‌ ರೊಟ್ಟಿ ಮಾಡಿ ಮಾರುತ್ತೀರಿ ಅನ್ನಿ. 8 ರೂಪಾಯಿಯಂತೆ 100 ರೊಟ್ಟಿಗೆ 800 ಬಂತು. ಜೋಳ, ಗಿರಣಿ, ಗ್ಯಾಸ್‌, ಕವರ್‌, ಆಟೊ ಎಲ್ಲ ಸೇರಿ 450 ಹೋದರೆ ಉಳಿಯುವುದು 350. ಹಿಟ್ಟು ನಾದಿ, ತಟ್ಟಿ, ಬೇಯಿಸಿ, ಕೊಟ್ಟು ಬರಲು ಐದು ಗಂಟೆ ಹಿಡಿದರೆ ಗಂಟೆಗೆ 70 ರೂಪಾಯಿ. ಅದೇ ಮನೆಯಲ್ಲಿ ಆರು ಮಕ್ಕಳಿಗೆ ತಿಂಗಳಿಗೆ 500ರಂತೆ ಟ್ಯೂಷನ್‌ ಹೇಳಿದರೆ 3,000. ದಿನಕ್ಕೆ ಒಂದೂವರೆ ಗಂಟೆ, 25 ದಿನ ಅಂದರೆ ಗಂಟೆಗೆ 80. ಕೈಗೆ ಬಂದ 800 ನೋಡಿ ಖುಷಿಪಡುವ ಬದಲು ಹೀಗೆ ಗಂಟೆ ಲೆಕ್ಕ ಹಾಕಿ. ನಿಮ್ಮ ದುಡಿಮೆಯನ್ನು ಸುಮ್ನೆ ಬಿಟ್ಟುಕೊಡಬೇಡಿ. ಲೆಕ್ಕದಲ್ಲಿ ಅದಕ್ಕೂ ಬೆಲೆ ಇರಲಿ.

ರೊಟ್ಟಿಗೂ ಒಂದು ಬಲವಿದೆ. ಅದು ಬೇಗ ಕೆಡುವುದಿಲ್ಲ. ಇಂದು ಹೋಗದ್ದು ನಾಳೆ ಹೋಗುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ ಇಟ್ಟರೆ ಉಳಿತಾಯವೂ ಹೆಚ್ಚಬಹುದು. ಆದರೆ ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು.

ಸಾಲದ ಮಾತು ಕೊನೆಗೆ. ಒಂದು ತಿಂಗಳು ಇದ್ದ ಪಾತ್ರೆ, ಇದ್ದ ಮಷಿನ್‌ನಲ್ಲೇ ನಡೆಸಿ. ಗಿರಾಕಿಗಳು ತಾವಾಗಿಯೇ ಮತ್ತೆ ಬಂದರೆ ಮಾತ್ರ ಬ್ಯಾಂಕಿಗೆ ಹೋಗಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಾಲ ಕೇಳಬಹುದು. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್‌ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಶುಲ್ಕವಿಲ್ಲ. ನೀವು ಸರ್ಕಾರಿ ನೌಕರರಾಗಿದ್ದರೆ ವ್ಯಾಪಾರಕ್ಕೆ ಇಳಿಯುವ ಮುನ್ನ ನಡತೆ ನಿಯಮ ಓದಿ, ಅನುಮತಿ ಕೇಳಿ.

ಇನ್ನು ‘ವಿಡಿಯೋಗೆ ಲೈಕ್‌ ಒತ್ತಿ, ದಿನಕ್ಕೆ ಸಾವಿರ ಗಳಿಸಿ’ ಅನ್ನುವ ಟೆಲಿಗ್ರಾಂ ಸಂದೇಶಗಳು. ಮೊದಲು ನೂರಿನ್ನೂರು ಹಾಕುತ್ತಾರೆ, ಆಮೇಲೆ ನಿಮ್ಮಿಂದಲೇ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಕೆಲಸ ಕೊಡಲು ಮುಂಗಡ ಕೇಳಿದರೆ ಅಲ್ಲಿಗೇ ಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್‌ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.